ಮಫ್ತಿಯವರನ್ನು ಕರೆತನ್ನಿ

ಪೊಲೀಸ್ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು ಎರಡು ವರ್ಷದ ಹಿಂದೆ ನಿವೃತ್ತಳಾದೆ. ಹೆಸರು ಶರಣಮ್ಮ, ಹುಟ್ಟಿದ್ದು ಕಲ್ಲೂರು. ರಾಯಚೂರು, ದೇವದುರ್ಗ, ಮಾನ್ವಿ, ಇನ್ನೂ ಒಂದೆರಡು ತಾಲ್ಲೂಕು, ತಿರುಗಿ ರಾಯಚೂರು, ಹೀಗೆ ಒಂದೇ ಜಿಲ್ಲೆಯಲ್ಲಿ ಸುತ್ತಿದ್ದು ನನ್ನ ಸರ್ವಿಸ್. ಯಾವಾಗ ಯಾವ ಬಡ್ತಿ ಬಂತು ಎಂದು ಬರೆಯಲು ನಾನು ಕೂತಿಲ್ಲ. ಈಗ ಇಲಾಖೆಗೆ ಸೇರುತ್ತಿರುವ ಹೆಣ್ಣುಮಕ್ಕಳು ಓದಲಿ ಎಂದು ಒಂದು ಪದದ ಬಗ್ಗೆ ಬರೆಯುತ್ತಿದ್ದೇನೆ. ಸೇರಿದ ಮೊದಲ ತಿಂಗಳಲ್ಲೇ ಅದು ನಿಮ್ಮ ಕಿವಿಗೆ ಬೀಳುತ್ತದೆ: ‘ನಾಳಿಗೆ ನಿಮಗ ಮಫ್ತಿ.’

ಮಫ್ತಿ ಎಂದರೆ ಖಾಕಿ ತೆಗೆದಿಟ್ಟು ಸಾದಾ ಬಟ್ಟೆಯಲ್ಲಿ ಡ್ಯೂಟಿ ಮಾಡುವುದು. ಇಷ್ಟು ಎಲ್ಲರಿಗೂ ಗೊತ್ತು. ಅದು ಯಾವ ಭಾಷೆಯ ಪದ, ನಮ್ಮ ಬಾಯಿಗೆ ಹೇಗೆ ಬಂತು ಎಂದು ತರಬೇತಿಯಲ್ಲಿ ಯಾರೂ ಹೇಳುವುದಿಲ್ಲ. ಅದೇ ಪದದಿಂದ ಒಂದು ದಿನ ಒಂದು ಊರು ಹೊತ್ತಿಕೊಳ್ಳುವುದರಲ್ಲಿತ್ತು. ಆ ದಿನದ ಮಾತಿಗೆ ಬರುವ ಮೊದಲು, ಮಫ್ತಿ ಎಂಬುದು ನನಗೆ ಹೇಗೆ ಪರಿಚಯವಾಯಿತು ಎಂದು ಹೇಳಬೇಕು.

ನನ್ನ ಮೊದಲ ಮಫ್ತಿ ಡ್ಯೂಟಿ ರಾಯಚೂರು ಬಸ್ ನಿಲ್ದಾಣದಲ್ಲಿ. ಹತ್ತುವ ಗದ್ದಲದಲ್ಲಿ ಹೆಂಗಸರ ಕೊರಳಿನ ಸರ ಹೋಗುತ್ತಿದ್ದವು. ಕದಿಯುವವರೂ ಹೆಂಗಸರೇ ಎಂಬ ಸುಳಿವು ಇದ್ದದ್ದರಿಂದ ನನ್ನನ್ನು ಹಾಕಿದರು. ತವರಿನಲ್ಲಿ ಕೊಟ್ಟ ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಚೀಲ ಹಿಡಿದು, ದೇವದುರ್ಗದ ಬಸ್ಸು ನಿಲ್ಲುವ ಕಡೆ ನಿಂತೆ. ಒಂದು ತಾಸು ಕಳೆದ ಮೇಲೆ ಕಂಕುಳಲ್ಲಿ ಕೂಸು ಎತ್ತಿಕೊಂಡ ಹೆಂಗಸೊಬ್ಬಳು ಪಕ್ಕಕ್ಕೆ ಬಂದು ನಿಂತು, ನನ್ನನ್ನು ಮೇಲಿಂದ ಕೆಳಗೆ ನೋಡಿ ಮೆಲ್ಲಗೆ ಅಂದಳು: ‘ಯಕ್ಕಾ, ಸೀರಿ ಚಲೋ ಅದ. ಕಾಲಾಗಿನ ಬೂಟು ಮನ್ಯಾಗ ಬಿಟ್ಟು ಬರಬೇಕಾಗಿತ್ತು.’

ಕೆಳಗೆ ನೋಡಿಕೊಂಡೆ. ಇಲಾಖೆಯ ಕರಿ ಬೂಟು. ಅಭ್ಯಾಸಬಲದಿಂದ ಮೆಟ್ಟಿ ಬಂದಿದ್ದೆ. ತಲೆ ಎತ್ತುವಷ್ಟರಲ್ಲಿ ಅವಳು ಗುಂಪಿನಲ್ಲಿ ಇರಲಿಲ್ಲ. ಹತ್ತು ನಿಮಿಷದಲ್ಲಿ ಗಬ್ಬೂರಿನ ಮುದುಕಿಯೊಬ್ಬಳು ಕೊರಳು ತಡವಿಕೊಂಡು ಅಳತೊಡಗಿದಳು. ನಾನು ಓಡಿಹೋಗಿ ಪೊಲೀಸ್ ಎಂದೆ. ಅವಳು ಬೈಯಲಿಲ್ಲ. ‘ಯವ್ವಾ, ನೀ ಇಲ್ಲೇ ನಿಂತಿದ್ದೆಲ್ಲ’ ಎಂದಳು ಅಷ್ಟೇ. ಆ ಮಾತು ಬೈಗುಳಕ್ಕಿಂತ ಹೆಚ್ಚು ದಿನ ನನ್ನ ಜೊತೆ ಉಳಿಯಿತು.

ಎರಡನೆಯದು ದೇವದುರ್ಗದಲ್ಲಿದ್ದಾಗ. ಗಬ್ಬೂರು ಕಡೆಯ ಬಸ್ಸಿನಲ್ಲಿ ಎಂಟು ದಿನ ಬೆಳಗಿನಿಂದ ಸಂಜೆತನಕ ಹೋಗಿ ಬಂದೆ. ಹವಾಯಿ ಚಪ್ಪಲಿ, ಮಾಸಿದ ಸೀರೆ, ತಲೆಗೆ ಸೆರಗು. ಒಂಬತ್ತನೆಯ ದಿನ, ಸಂತೆಯ ಗದ್ದಲದಲ್ಲಿ, ಅದೇ ಹೆಂಗಸು ಹತ್ತಿದಳು. ನನ್ನ ಗುರುತು ಹತ್ತಲಿಲ್ಲ. ಅವಳ ಬೆರಳು ಮುಂದಿನ ಸೀಟಿನವಳ ಕೊರಳಿಗೆ ಹೋದಾಗ ನಾನು ಆ ಕೈಯನ್ನು ಗಟ್ಟಿಯಾಗಿ ಹಿಡಿದೆ. ಅವಳು ಕಿರುಚಲಿಲ್ಲ, ಕೂಸನ್ನು ಚಿವುಟಿದಳು. ಕೂಸು ಅತ್ತಿತು. ಬಸ್ಸಿಗೆ ಬಸ್ಸೇ ನನ್ನ ಮೇಲೆ ತಿರುಗಿತು.

‘ಯಾಕ್ಬೇ, ಕೂಸಿನ ತಾಯಿ ಕೈ ಹಿಡದು ಎಳದಾಡಾಕತ್ತೀಯಲ್ಲ, ಯಾರ ನೀನು?’

‘ಪೊಲೀಸ್ ರೀ.’

‘ಪೊಲೀಸಂತ. ಸೀರಿ ಉಟಗೊಂಡು ಬಂದಾಳ ಪೊಲೀಸು.’

ಗುರುತಿನ ಚೀಟಿ ತೋರಿಸಿದೆ. ಅದನ್ನು ಯಾರೋ ಕಸಿದುಕೊಂಡು, ಇಂಥಾವು ಎಲ್ಲಿ ಬೇಕಾದಲ್ಲಿ ಮಾಡಿಸಬಹುದು ಎಂದರು. ಒಬ್ಬ ನನ್ನ ರಟ್ಟೆ ಹಿಡಿದು ಜಗ್ಗಿದ. ನಾನು ಅವಳ ಕೈ ಬಿಡಲಿಲ್ಲ. ಡ್ರೈವರ್ ಬಸ್ಸನ್ನು ಸೀದಾ ಠಾಣೆಯ ಮುಂದೆ ತಂದು ನಿಲ್ಲಿಸಿದ್ದರಿಂದ ಉಳಿದೆ. ಮೊದಲೇ ಎಗರಿಸಿದ್ದ ಮತ್ತೊಂದು ಸರ ಅವಳ ಕೂಸಿನ ಲಂಗೋಟಿಯಲ್ಲಿ ಸಿಕ್ಕಿತು. ಖಾಕಿ ಇದ್ದರೆ ಹೆಣ್ಣು ಪೊಲೀಸಿಗೆ ಜನ ಅರ್ಧ ಕಿವಿಗೊಡುತ್ತಾರೆ, ಖಾಕಿ ಇಲ್ಲದಿದ್ದರೆ ಅದೂ ಇಲ್ಲ. ಮಫ್ತಿಗೆ ಹೋಗುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಹೋಗಬೇಕು.

ಆ ಜಗ್ಗಾಟದಲ್ಲಿ ನನ್ನ ಬಲಭುಜ ಜಾರಿತು. ಮುಂದೆ ಕೈ ಮೇಲೆತ್ತಿದರೆ ನೋವು. ಹೀಗಾಗಿ ನನ್ನನ್ನು ಬಂದೋಬಸ್ತಿಗೆ ಕಳಿಸುವುದು ಬಿಟ್ಟು, ಮತ್ತೊಂದು ತಾಲ್ಲೂಕು ಠಾಣೆಯ ವೈರ್‌ಲೆಸ್ ಮುಂದೆ ಕೂಡಿಸಿದರು. ಆ ಊರು ಯಾವುದು ಎಂದು ನಾನು ಹೇಳುವುದಿಲ್ಲ. ಆಗ ಇದ್ದವರು ಇನ್ನೂ ಅಲ್ಲಿ ಓಡಾಡುತ್ತಾರೆ.

ಈಗ ನಿಮಗೆಲ್ಲ ಮೊಬೈಲಿನಲ್ಲಿ ಆದೇಶ ಬರೆದೇ ಬರುತ್ತದೆ, ಬೇಕಾದಷ್ಟು ಸಲ ಓದಬಹುದು. ಆಗ ನಮ್ಮ ಜೇಬಿನಲ್ಲೂ ಮೊಬೈಲ್ ಇತ್ತು, ಆದರೆ ಇಲಾಖೆಯ ಆದೇಶ ವೈರ್‌ಲೆಸ್‌ನಲ್ಲೇ, ಇಂಗ್ಲಿಷಿನಲ್ಲೇ ಬರುತ್ತಿತ್ತು. ಕರಕರ ಸದ್ದಿನ ನಡುವೆ ಕೇಳಿದ್ದನ್ನು ಲಾಗ್ ಪುಸ್ತಕದಲ್ಲಿ ಬರೆದು, ಕನ್ನಡದಲ್ಲಿ ಒಂದು ಚೀಟಿ ಮಾಡಿ, ಸಂಬಂಧಪಟ್ಟವರ ಕೈಗೆ ಕೊಡಬೇಕು. ಕೇಳದಿದ್ದರೆ, ಮತ್ತೊಮ್ಮೆ ಹೇಳಿ ಎಂದು ‘ಸೇ ಅಗೇನ್’ ಎನ್ನಬೇಕು. ನಾನು ಕನ್ನಡ ಶಾಲೆಯವಳು. ಮೊದಲ ವಾರದಲ್ಲಿ ‘ಕಲ್ವರ್ಟ್’ ಎಂಬ ಪದ ತಿಳಿಯದೆ ಮೂರು ಸಲ ‘ಸೇ ಅಗೇನ್’ ಅಂದೆ. ಮೇಲಿನ ಕಂಟ್ರೋಲ್ ರೂಮಿನಲ್ಲಿ ಕೂತಿದ್ದ ಒಬ್ಬರು ಮೈಕಿನಲ್ಲೇ ಅಂದರು: ‘ಮೇಡಂಗೆ ಇಂಗ್ಲಿಷ್ ಟ್ಯೂಷನ್ ಇಡಸ್ರಿ ಯಾರರ. ಕಲ್ವರ್ಟ್ ಅಂದ್ರ ಮೋರಿ, ಮೇಡಂ, ಮೋರಿ.’ ಆ ಚಾನಲ್ಲಿನಲ್ಲಿ ಅಷ್ಟೂ ಠಾಣೆಯವರು ಕಿವಿಗೊಟ್ಟಿರುತ್ತಾರೆ. ಯಾರೋ ನಕ್ಕದ್ದೂ ಕೇಳಿಸಿತು. ಆಮೇಲೆ ನಾನು ಆ ಎರಡು ಪದ ಆಡುವುದನ್ನೇ ಕಡಿಮೆ ಮಾಡಿದೆ. ತಿಳಿದಷ್ಟು ಬರೆದು, ತಿಳಿಯದ್ದನ್ನು ಊಹಿಸಿ ನಡೆಸಿಕೊಂಡು ಹೋದೆ. ಎರಡು ವರ್ಷ ಊಹೆಗಳು ಸರಿಯಾಗೇ ಬಿದ್ದವು.

ಆ ದಿನ ಊರಿನಲ್ಲಿ ಒಂದು ಮೆರವಣಿಗೆ ಇತ್ತು. ಹಿಂದಿನ ವಾರ ಒಂದು ಬ್ಯಾನರ್ ಹರಿದ ಕಾರಣಕ್ಕೆ ಎರಡು ಓಣಿಗಳ ಹುಡುಗರ ನಡುವೆ ಮಾತಿಗೆ ಮಾತು ಬೆಳೆದಿತ್ತು. ಮೆರವಣಿಗೆ ಮಧ್ಯಾಹ್ನ ಮಸೀದಿ ಓಣಿಯ ಬಾಯಿಗೆ ಬರುವುದಿತ್ತು. ನಮ್ಮ ಪಿಎಸ್‌ಐ ಸಾಹೇಬರು ಇದ್ದಬದ್ದ ಸಿಬ್ಬಂದಿಯನ್ನೆಲ್ಲ ಕರೆದುಕೊಂಡು ಬೀದಿಗಿಳಿದಿದ್ದರು. ಠಾಣೆಯಲ್ಲಿ ನಾನು, ಒಬ್ಬ ಸೆಂಟ್ರಿ, ಜೀಪಿನ ಡ್ರೈವರ್ ತಿಮ್ಮಣ್ಣ, ಮೂವರೇ. ತಿಮ್ಮಣ್ಣನಿಗೆ ನಿವೃತ್ತಿಗೆ ಇನ್ನೊಂದು ವರ್ಷವಿತ್ತು. ಅವನು ಆ ಊರಿಗೆ ಬಂದು ತಿಂಗಳೂ ಆಗಿರಲಿಲ್ಲ.

ಹತ್ತು ಗಂಟೆಯ ಸುಮಾರಿಗೆ ವೈರ್‌ಲೆಸ್ ಕರೆಯಿತು. ನನಗೆ ಕೇಳಿಸಿದ್ದು ಇಷ್ಟು: ‘ಮಫ್ತಿ...’ ಕರಕರ. ‘ಮಸ್ಜಿದ್ ಸ್ಟ್ರೀಟ್...’ ಕರಕರ. ‘ಸ್ಟೇಷನ್, ಇಲೆವೆನ್ ಅವರ್ಸ್. ಡಿವೈಎಸ್‌ಪಿ. ಓವರ್.’

ಮಸೀದಿ ಓಣಿಯಲ್ಲಿ ಬೆಳಗಿನಿಂದ ಇಬ್ಬರು ಮಫ್ತಿ ಪೊಲೀಸರನ್ನು ಹಾಕಿದ್ದು ನನಗೆ ಗೊತ್ತಿತ್ತು. ಅದೇ ಓಣಿಯಲ್ಲಿ ಧರ್ಮಪಂಡಿತರಾದ, ವಯಸ್ಸಾದ ಒಬ್ಬ ಮುಫ್ತಿ ಸಾಹೇಬರು ಇದ್ದಾರೆ, ಅವರನ್ನು ಶಾಂತಿ ಸಭೆಗೆ ಕರೆಸಬೇಕು ಎಂದು ಹಿಂದಿನ ಸಂಜೆ ಠಾಣೆಯಲ್ಲಿ ಮಾತು ನಡೆದದ್ದೂ ಗೊತ್ತಿತ್ತು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ಇವರಲ್ಲಿ ಯಾರು? ಮೈಕಿನ ಗುಂಡಿಯ ಮೇಲೆ ಬೆರಳಿಟ್ಟೆ. ಆ ದಿನವೂ ಕಂಟ್ರೋಲಿನಲ್ಲಿ ‘ಮೋರಿ, ಮೇಡಂ’ ಎಂದ ಅದೇ ದನಿ ಇತ್ತು. ಒತ್ತಿ, ಕೇಳಬೇಕಾದ್ದನ್ನು ಕೇಳದೆ, ತಿಳಿಯಿತು ಎಂಬರ್ಥದ ‘ರೋಜರ್’ ಅಂದೆ. ಚೀಟಿಯಲ್ಲಿ ಬರೆದೆ: ‘ಮಸೀದಿ ಓಣಿ ಮಫ್ತಿಯವರನ್ನು ಹನ್ನೊಂದು ಗಂಟೆಗೆ ಡಿವೈಎಸ್‌ಪಿ ಸಾಹೇಬರ ಮುಂದೆ ಹಾಜರುಪಡಿಸಲು ಠಾಣೆಗೆ ಕರೆತರುವುದು.’

ತಿಮ್ಮಣ್ಣ ಓದಿ ತಲೆ ಕೆರೆದುಕೊಂಡ. ‘ಶರಣಮ್ಮಾರ, ಮಫ್ತಿ ಅಂದ್ರ ನಮ್ಮವರೇನ್ರಿ, ಆ ಸಾಹೇಬರೇನ್ರಿ?’

‘ಅಲ್ಲೇ ಹೋಗಿ ಕೇಳ್ರಿ’ ಅಂದೆ.

ಅವನು ಹೋಗಿ ಕೇಳಿದ. ಮಸೀದಿ ಓಣಿಯಲ್ಲಿ ಜೀಪು ನಿಲ್ಲಿಸಿ ‘ಇಲ್ಲಿ ಮಫ್ತಿಯವರು ಎಲ್ಲಿ ಅದಾರ್ರಿ?’ ಎಂದು ಕೇಳಿದರೆ ಜನ ಯಾರ ಮನೆ ತೋರಿಸುತ್ತಾರೆ?

ಇಪ್ಪತ್ತು ನಿಮಿಷಕ್ಕೆ ಜೀಪು ತಿರುಗಿ ಬಂತು. ಒಳಗೆ ಬಂದವರು ಬಿಳಿ ಗಡ್ಡದ, ಎಪ್ಪತ್ತು ದಾಟಿದ ಹಿರಿಯರು. ಕೈಯಲ್ಲಿ ಕೋಲು. ಕುರ್ತಾದ ಮೇಲಿನ ಗುಂಡಿ ಹಾಕಿರಲಿಲ್ಲ. ಬರೆಯುತ್ತ ಕೂತಿದ್ದವರನ್ನು ಹಾಗೇ ಎಬ್ಬಿಸಿ ತಂದಂತೆ ಬಲಗೈಯ ಬೆರಳಿಗೆ ಮಸಿ ಹತ್ತಿತ್ತು.

‘ಯಾರು ಕರಸೀರಿ ನನ್ನ?’ ಎಂದರು.

ಕುರ್ಚಿ ಹಾಕಿದೆ, ನೀರು ಕೊಟ್ಟೆ. ಹೊರಗಿನಿಂದ ಸೆಂಟ್ರಿ ತನ್ನ ಮೊಬೈಲ್ ಹಿಡಿದು ಓಡಿ ಬಂದ. ಮುದುಕರೊಬ್ಬರನ್ನು ಖಾಕಿಯವನು ಜೀಪಿಗೆ ಹತ್ತಿಸುತ್ತಿರುವ ಫೋಟೊ. ಕೆಳಗೆ ‘ಮುಫ್ತಿ ಸಾಬ್‌ಕು ಪೊಲೀಸ್ ಉಠಾಕೆ ಲೇಗಯೆ’ ಎಂದಿತ್ತು, ಮುಫ್ತಿ ಸಾಹೇಬರನ್ನು ಪೊಲೀಸರು ಎತ್ತಿಕೊಂಡು ಹೋದರು ಎಂದು. ಅದು ಆಗಲೇ ಊರೆಲ್ಲ ತಿರುಗುತ್ತಿತ್ತು.

ಮೊಬೈಲಿನಲ್ಲಿ ಪಿಎಸ್‌ಐ ಸಾಹೇಬರಿಗೆ ಫೋನು ಹಚ್ಚಿ ಇದ್ದದ್ದು ಹೇಳಿದೆ. ಆ ಕಡೆ ಡೊಳ್ಳಿನ ಸದ್ದು. ‘ಡಿವೈಎಸ್‌ಪಿ ಸಾಹೇಬರು ಕೇಳಿದ್ದು ನಮ್ಮ ಇಬ್ಬರು ಮಫ್ತಿ ಹುಡುಗರನ್ನ, ಅವರು ಬರೋದೂ ತಡ ಆಗ್ತದಂತ’ ಎಂದರು. ಆಮೇಲೆ, ‘ಇವರನ್ನ ಹಿಂದಿನ ಬಾಗಲಿಂದ ಜೀಪಿನ್ಯಾಗ ಕೂಡಿಸಿ ಮನಿಗೆ ಬಿಟ್ಟು ಬರ್ರಿ. ಯಾರರ ಕೇಳಿದ್ರ ಶಾಂತಿ ಸಭೆಗೆ ಕರದಿದ್ವಿ ಅನ್ರಿ. ನಾ ಇಲ್ಲಿಂದ ಅಲ್ಲಾಡಾಂಗಿಲ್ಲ’ ಎಂದರು.

ಫೋನು ಇಡುವಷ್ಟರಲ್ಲಿ ಗೇಟಿನ ಹತ್ತಿರ ದನಿಗಳು ಕೇಳಿದವು. ಕಿಟಕಿಯಿಂದ ನೋಡಿದೆ. ಮೊದಲು ಇಪ್ಪತ್ತು ಜನ ಇದ್ದಿರಬೇಕು. ನೋಡುನೋಡುತ್ತ ರಸ್ತೆ ತುಂಬಿತು. ಅಂಗಡಿಗಳ ಶಟರ್ ಒಂದೊಂದಾಗಿ ಇಳಿಯುವ ಸದ್ದು. ಸೆಂಟ್ರಿ ಗೇಟಿಗೆ ಚಿಲಕ ಹಾಕಿ, ಬಂದೂಕು ಎದೆಗೆ ಹಿಡಿದು, ಬೆನ್ನು ಗೋಡೆಗೆ ಕೊಟ್ಟು ನಿಂತ. ಮೆರವಣಿಗೆ ಚೌಕಕ್ಕೆ ಬರಲು ಇನ್ನು ಮುಕ್ಕಾಲು ತಾಸು. ಈ ಗುಂಪು ಇಲ್ಲಿಂದ ಸಿಟ್ಟಿನಲ್ಲಿ ಚೌಕಕ್ಕೆ ಹೊರಟರೆ ಏನಾಗುತ್ತದೆ ಎಂದು ಯೋಚಿಸಲು ಹೋಗಿ ಅರ್ಧಕ್ಕೇ ಬಿಟ್ಟೆ.

ಮುಫ್ತಿ ಸಾಹೇಬರಿಗೆ ಹಿಂದಿನ ಬಾಗಿಲಿನ ಮಾತು ಹೇಳಿದೆ.

‘ಹಿಂದಿನ ಬಾಗಲಾ?’ ಎಂದರು. ‘ನಾ ಹಂಗ ಹೋದ್ರ, ಒಳಗ ಏನೋ ಮಾಡ್ಯಾರಂತ ಅವರು ತಿಳಕೋತಾರ. ಒಳಗ ಏನ ಮಾಡೀರಿ ನನಗ? ನೀರು ಕೊಟ್ಟೀರಿ.’

‘ಶಾಂತಿ ಸಭೆಗೆ ಬಂದಿದ್ದೆ ಅಂತ ನೀವೊಂದು ಮಾತು ಹೇಳಿದ್ರ...’

‘ಸಭೆ ಎಲ್ಲಿ ಆತು ಬೇಟಿ? ಆಗದ್ದನ್ನ ಆಗೇದ ಅಂತ ಈ ವಯಸ್ಸಿನ್ಯಾಗ ನಾ ಹೇಳಂಗಿಲ್ಲ. ಏನಾಗೇದ ಅದನ್ನ ಹೇಳು.’

ನಿಂತುಕೊಂಡೇ ಹೇಳಿದೆ. ವೈರ್‌ಲೆಸ್, ಕರಕರ ಸದ್ದು, ಇಬ್ಬರು ಮಫ್ತಿ ಪೊಲೀಸರು, ಚೀಟಿ. ಅವರು ಚೀಟಿ ಕೇಳಿ ತೆಗೆದುಕೊಂಡು ಕನ್ನಡಕದ ಹತ್ತಿರ ಹಿಡಿದು ಓದಿದರು. ಎರಡು ಸಲ ಓದಿ ನನ್ನ ಕೈಗೆ ತಿರುಗಿ ಕೊಟ್ಟರು. ಹೊರಗೆ ಗೇಟನ್ನು ಅಲ್ಲಾಡಿಸುತ್ತಿದ್ದರು.

‘ಇದನ್ನ ಬರದಾಕಿ ನೀನಾ?’

‘ಹೌದ್ರಿ.’

‘ಹಂಗಾದ್ರ ನೀನೂ ಬಾ’ ಎಂದು ಕೋಲು ಊರಿ ಎದ್ದರು.

ಮುಂಬಾಗಿಲಿನ ಮೆಟ್ಟಿಲ ಮೇಲೆ ಇಬ್ಬರೂ ಬಂದು ನಿಂತೆವು. ಅವರು ಕಂಡದ್ದೇ ಒಂದು ಕೂಗು ಎದ್ದಿತು. ಎಲ್ಲಿಂದಲೋ ಒಂದು ಕಲ್ಲು ಬಂದು ನಮ್ಮ ಹಿಂದಿನ ನೋಟಿಸ್ ಬೋರ್ಡಿಗೆ ಬಡಿಯಿತು. ಗಾಜು ನನ್ನ ಹೆಗಲ ಮೇಲೆ ಉದುರಿತು. ಮುಫ್ತಿ ಸಾಹೇಬರು ಕೋಲು ಎತ್ತಿದರು. ಹೊಡೆಯುವವರ ಹಾಗೆ ಅಲ್ಲ, ತರಗತಿಯಲ್ಲಿ ಮೇಷ್ಟ್ರು ಎತ್ತುವ ಹಾಗೆ.

‘ಪತ್ಥರ್ ಕೋನ್ ಮಾರಾ? ಮೇರೆಕು ಕೋಯಿ ಹಾತ್ ನೈ ಲಗಾಯಾ. ಚುಪ್ ರಹೋ, ಸುನೋ’ ಎಂದರು. ಕಲ್ಲು ಹೊಡೆದವರು ಯಾರು, ತನ್ನನ್ನು ಯಾರೂ ಮುಟ್ಟಿಲ್ಲ, ಸುಮ್ಮನಿದ್ದು ಕೇಳಿರಿ ಎಂದು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, ‘ಹೇಳು’ ಎಂದರು.

ಅಷ್ಟು ಜನರ ಮುಂದೆ ನಾನು ಯಾವತ್ತೂ ಮಾತಾಡಿದವಳಲ್ಲ. ‘ಮೇಲಿನಿಂದ ಬಂದ ಮೆಸೇಜ್ ನಾ ಬರಕೊಂಡೆ. ಬರಿಯೋದರಾಗ ತಪ್ಪಾತು. ಬ್ಯಾರೆಯವರನ್ನ ಕರಿಯೋದಿತ್ತು, ಸಾಹೇಬರನ್ನ ಕರಕೊಂಡು ಬಂದ್ವಿ. ತಪ್ಪು ನಂದು. ಸಾಹೇಬರ ಮ್ಯಾಗ ಏನೂ ಇಲ್ಲ’ ಎಂದೆ.

‘ಬ್ಯಾರೆಯವರು ಅಂದ್ರ ಯಾರು?’ ಎಂದು ಒಬ್ಬ ಕೇಳಿದ.

ಇದಕ್ಕೆ ಮುಫ್ತಿ ಸಾಹೇಬರೇ ಉತ್ತರ ಕೊಟ್ಟರು. ‘ಖಾಕಿ ಬಿಟ್ಟು ನಿಮ್ಮಂಗ ಅಂಗಿ ಹಾಕ್ಕೊಂಡು ತಿರಗೋ ಪೊಲೀಸ್ರಿಗೆ ಇವರು ಮಫ್ತಿ ಅಂತಾರ. ಬೆಳಿಗ್ಗಿಂದ ಇಬ್ಬರು ನಮ್ಮ ಓಣ್ಯಾಗ ಚಾ ಕುಡೀಲಾಕತ್ತಾರಲ್ಲ, ಗೆರಿ ಅಂಗಿ ಒಬ್ಬಾಂವ, ನೀಲಿ ಅಂಗಿ ಒಬ್ಬಾಂವ, ಅವರು. ಅವರನ್ನ ಕರೀರಿ ಅಂದ್ರ ನನ್ನ ಕರದಾರ. ನಾ ಇಷ್ಟು ವರ್ಷ ಓದಿ ಮುಫ್ತಿ ಆದೆ. ಅಂಗಿ ಬಿಚ್ಚಿಟ್ಟ ಪೊಲೀಸರೂ ಮುಫ್ತಿ ಆದರು.’

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗು ಮುಂದಕ್ಕೆ ಬಂತು, ಆದರೆ ಎಲ್ಲರಿಗೂ ಬರಲಿಲ್ಲ. ಗೇಟಿಗೆ ಒರಗಿದ್ದ ಯುವಕನೊಬ್ಬ ನಗದೆ ನನ್ನನ್ನೇ ನೋಡುತ್ತಿದ್ದ. ‘ಒಂದು ಶಬ್ದ ತಿಳೀಲಿಲ್ಲಂತ ಮುದುಕರನ್ನ ಜೀಪಿನ್ಯಾಗ ಹಾಕ್ಕೊಂಡು ಬರ್ತೀರೇನ್ರಿ?’ ಎಂದ. ‘ತಪ್ಪಾಗೇದಪ್ಪಾ’ ಎಂದು ಮತ್ತೊಮ್ಮೆ ಅಂದೆ.

ತಿಮ್ಮಣ್ಣ ಜೀಪು ತಂದು ನಿಲ್ಲಿಸಿದ. ಸಾಹೇಬರು ಹತ್ತಲಿಲ್ಲ. ‘ಜೀಪಿನ್ಯಾಗ ಬಂದದ್ದನ್ನ ಊರು ನೋಡೇದ. ನಡಕೊಂಡು ಹೋಗೋದನ್ನೂ ನೋಡ್ಲಿ’ ಎಂದು ಮೆಟ್ಟಿಲಿಳಿದರು. ವೈರ್‌ಲೆಸ್ ಬಿಟ್ಟು ಏಳುವಂತಿರಲಿಲ್ಲ. ಆದರೂ ಸೆಂಟ್ರಿಗೆ ಅದರ ಮುಂದೆ ಕೂಡಲು ಹೇಳಿ ನಾನು ಅವರ ಪಕ್ಕ ಹೊರಟೆ. ಗುಂಪು ದಾರಿ ಬಿಟ್ಟಿತು, ಹಿಂದೆ ಹಿಂದೆ ಬಂತು.

ಠಾಣೆಯಿಂದ ಮಸೀದಿ ಓಣಿಗೆ ಹತ್ತು ನಿಮಿಷದ ದಾರಿ. ಅವರ ನಡಿಗೆಗೆ ಅರ್ಧ ತಾಸು. ಚೌಕಕ್ಕೆ ಬಂದಾಗ ಡೊಳ್ಳಿನ ಸದ್ದು ತೀರ ಹತ್ತಿರ ಬಂದಿತ್ತು. ಮೆರವಣಿಗೆ ಹೊತ್ತಿಗಿಂತ ಮುಂಚೆಯೇ ಬಂದಿತ್ತು. ದಾಟಿದರೆ ಅದರ ನಡುವೆ ಸಿಗುತ್ತೇವೆ. ಬಾಗಿಲು ಮುಚ್ಚಿದ ಬಳೆ ಅಂಗಡಿಯ ಕಟ್ಟೆಯ ಹತ್ತಿರ ಸಾಹೇಬರು ನಿಂತರು. ಅವರು ನಿಂತದ್ದು ನೋಡಿ ಹಿಂದಿನವರೂ ನಿಂತರು. ಗೆರೆ ಅಂಗಿಯವನೂ ನೀಲಿ ಅಂಗಿಯವನೂ ಎಲ್ಲಿಂದಲೋ ಬಂದು ನಮ್ಮ ಎರಡು ಬದಿಗೆ ನಿಂತುಕೊಂಡರು. ಸಾಹೇಬರು ಅವರನ್ನು ನೋಡಿ, ‘ಬರ್ರಿ ಮುಫ್ತಿಗಳ’ ಎಂದರು. ಅವರಿಬ್ಬರೂ ನೆಲ ನೋಡಿದರು.

ಮೆರವಣಿಗೆಯ ಮುಂದಿನ ಹುಡುಗರು ನಮ್ಮ ಹಿಂದಿನ ಗುಂಪನ್ನು ಕಂಡು ಕೂಗಿದರು. ಹಿಂದಿನವರಲ್ಲಿ ಯಾರೋ ಮರುಕೂಗು ಹಾಕಿದರು. ಪಿಎಸ್‌ಐ ಸಾಹೇಬರು ಲಾಠಿ ಅಡ್ಡ ಹಿಡಿದು ನಡುವೆ ಓಡಾಡುವುದು ಕಂಡಿತು. ನಮಗೂ ಅವರಿಗೂ ನಡುವೆ ಇದ್ದದ್ದು ಒಂದು ಎತ್ತಿನ ಬಂಡಿ ಹೋಗುವಷ್ಟು ಜಾಗ. ಆಗ ಸಾಹೇಬರು ನನ್ನನ್ನು ಕೇಳಿದರು:

‘ಯಾವೂರು ನಿಂದು?’

‘ಕಲ್ಲೂರ್ರಿ.’

‘ನೀರಮಾನ್ವಿ ಯಲ್ಲಮ್ಮಗ ಹೋಗ್ತೀರೇನು?’

‘ವರ್ಷಕ್ಕೊಮ್ಮೆ ಹೋಗ್ತೀವ್ರಿ.’

‘ನಮ್ಮ ಅಮ್ಮಾನೂ ಆ ಕಡೀಕೇ. ಸಣ್ಣಾಂವಿದ್ದಾಗ ಅಲ್ಲಿ ಹುಣಸಿಹಣ್ಣು ಆರಸಾಕ ಹೋಗ್ತಿದ್ದೆ.’

ಡೊಳ್ಳು ಎದೆಗೆ ಬಡಿಯುತ್ತಿತ್ತು. ಅವರು ಹುಣಸೆಹಣ್ಣಿನ ಮಾತು ಮುಂದುವರಿಸಿದರು. ಮೆರವಣಿಗೆಯ ಕಡೆ ಅವರು ಕಣ್ಣೆತ್ತಲಿಲ್ಲ, ನನ್ನ ಮುಖವನ್ನೇ ನೋಡಿ ಮಾತಾಡಿದರು. ಹಿಂದಿನ ಹುಡುಗರಿಗೆ ಕೂಗಲು ಆಗಲಿಲ್ಲ, ಹಿರಿಯರು ಮಾತಾಡುತ್ತಿದ್ದರಲ್ಲ. ಮೆರವಣಿಗೆಯ ಬಾಲ ಹೋಗುವ ತನಕ ಕಾಲು ತಾಸು ನಾವು ಅಲ್ಲೇ ನಿಂತಿದ್ದೆವು. ಆಮೇಲೆ ರಸ್ತೆ ದಾಟಿದೆವು.

ಬಾಗಿಲಲ್ಲಿ ಅವರ ಮಗಳು ನಸೀಮಾ ನಿಂತಿದ್ದರು. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು. ತಂದೆಯನ್ನು ಒಳಗೆ ಕರೆದುಕೊಂಡು, ನನ್ನ ಕಡೆ ಒಮ್ಮೆ ನೋಡಿ, ಬಾಗಿಲು ಹಾಕಿದರು.

ಸಂಜೆ ಪಿಎಸ್‌ಐ ಸಾಹೇಬರು ಬಂದರು. ಕೆಟ್ಟ ಮನುಷ್ಯರಲ್ಲ, ಆ ದಿನ ಊರನ್ನು ಉಳಿಸಿದ್ದರಲ್ಲಿ ಅವರ ಪಾಲೂ ಇದೆ. ಬೆವರು ಒರೆಸಿಕೊಳ್ಳುತ್ತ ಅಂದರು: ‘ಶರಣಮ್ಮಾರ, ಡಿವೈಎಸ್‌ಪಿ ಸಾಹೇಬರು ಸಮಜಾಯಿಷಿ ಕೇಳ್ಯಾರ. ಚೀಟಿ ಹರದು ಹೊಸಾದು ಬರೀರಿ. ಮಫ್ತಿ ಸಿಬ್ಬಂದಿ ಅಂತ ಹಾಕ್ರಿ. ತಿಮ್ಮಣ್ಣ ಓದೋದರಾಗ ತಪ್ಪಿದ ಅಂತ ಮುಗಸೋಣ. ಅವಂದು ಹೆಂಗೂ ಸರ್ವಿಸ್ ಮುಗೀತು.’

ತಿಮ್ಮಣ್ಣ ಹೊರಗೆ ಜೀಪು ತೊಳೆಯುತ್ತಿದ್ದ. ಈ ಮಾತು ಅವನಿಗೆ ಕೇಳಿಸಿತು. ಅವನು ಬಂದು ‘ನಾ ಇವರನ್ನ ಕೇಳಿದ್ದೆ, ಇವರೇ ಅಲ್ಲಿ ಹೋಗಿ ಕೇಳ್ರಿ ಅಂದ್ರು’ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಬಕೆಟಿನ ನೀರು ಚೆಲ್ಲಿ ಮತ್ತೆ ತುಂಬಲು ಹೋದ. ನಾನು ‘ನಾಳೆ ಕೊಡ್ತೀನ್ರಿ ಸರ್’ ಎಂದೆ. ಮಾರನೆಯ ದಿನವೂ ಕೊಡಲಿಲ್ಲ. ಚೀಟಿ ಹರಿಯಲೂ ಇಲ್ಲ, ಉಳಿಸಿಕೊಳ್ಳುವ ಧೈರ್ಯವೂ ಇರಲಿಲ್ಲ. ಎರಡು ದಿನ ಅದು ನನ್ನ ಕುಪ್ಪಸದೊಳಗೆ ಬೆವರಿನಲ್ಲಿ ಮೆತ್ತಗಾಯಿತು.

ಮೂರನೆಯ ದಿನ ರಜೆ ಹಾಕಿ, ಸೀರೆ ಉಟ್ಟು ಮಸೀದಿ ಓಣಿಗೆ ಹೋದೆ. ನಸೀಮಾ ಬಾಗಿಲು ತೆಗೆದು, ನಿಂತಲ್ಲೇ ಕೇಳಿದರು: ‘ಇವತ್ತು ನೀವು ಮಫ್ತಿನಾ?’

‘ಇಲ್ರಿ. ಕ್ಷಮಾ ಕೇಳಾಕ ಬಂದೀನಿ.’

ಒಳಗಿನಿಂದ ಸಾಹೇಬರು ‘ಒಳಗ ಕರಿ’ ಎಂದರು. ನಸೀಮಾ ರಾಯಚೂರಿನ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವರು, ರಜೆಗೆ ಬಂದಿದ್ದರು. ಮೊದಲು ಮಾತು ಬಿಗಿಯಾಗೇ ಇತ್ತು. ಚಹಾ ಬಂದ ಮೇಲೆ ನಾನೇ ಕೇಳಿದೆ, ನಿಮ್ಮ ಪದ ನಮ್ಮ ಬಟ್ಟೆಗೆ ಹೇಗೆ ಬಂತು ಎಂದು. ಸಾಹೇಬರು ಮಗಳ ಕಡೆ ನೋಡಿ ‘ಹೇಳು, ನಿನ್ನ ಇಂಗ್ಲಿಷಿನವರ ಕಥಿ’ ಎಂದರು.

ನಸೀಮಾ ಹೇಳಿದ್ದು ಇದು. ಇನ್ನೂರು ವರ್ಷದ ಹಿಂದಿನ ಮಾತು. ಇಂಗ್ಲಿಷರ ದಂಡಿನ ಅಧಿಕಾರಿಗಳು ಡ್ಯೂಟಿ ಮುಗಿದ ಮೇಲೆ ಬಿಗಿಯಾದ ಸಮವಸ್ತ್ರ ಕಳಚಿ, ಹೂವಿನ ಚಿತ್ತಾರದ ಉದ್ದ ನಿಲುವಂಗಿ, ಗೊಂಡೆ ಇಳಿಬಿಟ್ಟ ಟೋಪಿ, ಮೆತ್ತನೆಯ ಚಪ್ಪಲಿ ಹಾಕಿಕೊಂಡು ಆರಾಮಾಗಿ ಕೂಡುತ್ತಿದ್ದರಂತೆ. ಅವರ ದೇಶದ ನಾಟಕಗಳಲ್ಲಿ ಮುಫ್ತಿಯ ಪಾತ್ರಕ್ಕೆ ಅಂಥ ವೇಷ ಹಾಕುತ್ತಿದ್ದರು. ಜೊತೆಯವರು ತಮಾಷೆಗೆ ‘ನೋಡು, ಮುಫ್ತಿ ಆಗಿ ಕೂತಾನೆ’ ಎಂದಿರಬೇಕು. ತಮಾಷೆ ಹಾಗೇ ಪದವಾಯಿತು. ಸಮವಸ್ತ್ರ ಹಾಕುವವನು ಹಾಕದೆ ಇದ್ದರೆ ಅವನು ಮಫ್ತಿಯಲ್ಲಿದ್ದಾನೆ ಎಂದಾಯಿತು. ‘ಇದು ಬಲ್ಲವರ ಊಹಾ, ಖಚಿತ ಅಂತ ಯಾರೂ ಹೇಳಂಗಿಲ್ಲ’ ಎಂದೂ ಹೇಳಿದರು. ‘ಈಗ ಅಲ್ಲಿಯವರೇ ಆ ಶಬ್ದ ಹೆಚ್ಚುಕಡಿಮಿ ಬಿಟ್ಟಾರ. ಹಳೇ ಮಂದಿ ಸಲಿಗಿಲೆ ಆಡೋ ಮಾತದು. ನಮ್ಮ ಪೊಲೀಸ್ರ ಬಾಯಾಗ ಮಾತ್ರ ಇನ್ನೂ ಗಟ್ಟಿ ಉಳದದ.’

‘ಮತ್ತ ನಿಮ್ಮ ಭಾಷಾದಾಗ ಏನು ಅರ್ಥ ರೀ?’ ಎಂದು ಸಾಹೇಬರನ್ನು ಕೇಳಿದೆ.

‘ಅರಬಿ ಶಬ್ದ. ಜನರಿಗೆ ಧರ್ಮದ್ದೋ ಸಂಸಾರದ್ದೋ ಒಂದು ಸಂಶಯ ಬರ್ತದ. ಬಂದು ಕೇಳ್ತಾರ. ನಾ ಕಿತಾಬು ನೋಡಿ ತಿಳಿದಷ್ಟು ಹೇಳ್ತೀನಿ. ಕೇಳಿದ ಪ್ರಶ್ನೆಗೆ ಉತ್ತರ ಕೊಡಾಂವ ಮುಫ್ತಿ. ಕೇಳದ ಹೊರ್ತು ನನಗ ಕೆಲಸಿಲ್ಲ.’ ಮಸಿ ಹತ್ತಿದ ಬೆರಳಿನಿಂದ ಗಡ್ಡ ಸವರಿಕೊಂಡರು. ‘ನಾಚಿಕಿ ಬಿಟ್ಟು ಕೇಳ್ತಾರ ಜನ. ಎಂಥೆಂಥಾದ್ದು ಕೇಳ್ತಾರ ಅಂತೀ. ಕೇಳಿ ಹೋದವರು ರಾತ್ರಿ ನಿದ್ದಿ ಮಾಡ್ತಾರ.’

ನಾನು ಮೈಕಿನ ಗುಂಡಿಯ ಮೇಲಿಟ್ಟ ಬೆರಳಿನ ವಿಷಯ ಅವರಿಗೆ ಹೇಳಿರಲಿಲ್ಲ. ಚಹಾದ ಬಟ್ಟಲು ಕೆಳಗಿಟ್ಟು ಎದ್ದು ಬಂದೆ.

ಆ ಸಂಜೆ ಸಮಜಾಯಿಷಿ ಬರೆದೆ. ಮೆಸೇಜ್ ಪೂರ್ತಿ ಕೇಳಿಸಲಿಲ್ಲ. ಯಾರನ್ನು ಕರೆತರಬೇಕೆಂದು ಸಂಶಯವಿತ್ತು. ಡ್ರೈವರ್ ತಿಮ್ಮಣ್ಣ ಕೇಳಿದಾಗಲೂ ನಾನು ಸರಿಯಾಗಿ ಹೇಳಲಿಲ್ಲ. ಅವರ ತಪ್ಪು ಇಲ್ಲ. ಹಳೆಯ ಚೀಟಿಯನ್ನೇ ಟಾಚಣಿಯಿಂದ ಚುಚ್ಚಿ ಲಗತ್ತಿಸಿದೆ. ಪಿಎಸ್‌ಐ ಸಾಹೇಬರು ಓದಿ, ‘ನಿಮ್ಮ ತಲಿ ನೀವ ಕೊಡಾಕತ್ತೀರಿ’ ಎಂದರು. ಆದರೆ ತಡೆಯಲಿಲ್ಲ, ಸಹಿ ಹಾಕಿ ಮೇಲಕ್ಕೆ ಕಳಿಸಿದರು.

ಎರಡು ದಿನ ಬಿಟ್ಟು ಡಿವೈಎಸ್‌ಪಿ ಸಾಹೇಬರು ನನ್ನನ್ನು ಕರೆಸಿದರು. ಟೇಬಲ್ಲಿನ ಮೇಲೆ ನನ್ನ ಹಾಳೆ, ಅದರ ಮೇಲೆ ಚೀಟಿ. ಅವರು ಹೆಚ್ಚು ಮಾತಿನವರಲ್ಲ. ಮೊದಲಿನಿಂದ ಕೊನೆತನಕ ಓದಿದರು. ನಾನು ನಿಂತಿದ್ದೆ. ಸಸ್ಪೆಂಡ್ ಮಾಡುತ್ತಾರೆ ಎಂದೇ ತಿಳಿದು, ಮನೆಯಲ್ಲಿ ಹೇಳಿಯೇ ಬಂದಿದ್ದೆ.

‘ಸಂಶಯ ಇತ್ತು ಅಂತ ಬರೆದಿದ್ದೀರಿ’ ಎಂದರು.

‘ಹೌದ್ರಿ ಸರ್.’

‘ಸೆಟ್ ಕೆಲಸ ಮಾಡುತ್ತಿತ್ತು. ಕಂಟ್ರೋಲಿನಲ್ಲಿ ಜನ ಇದ್ದರು. ಮತ್ತೊಮ್ಮೆ ಯಾಕೆ ಕೇಳಲಿಲ್ಲ?’

ತಪ್ಪನ್ನು ಸೆಟ್ಟಿನ ಮೇಲೆ ಹಾಕಬಹುದಿತ್ತು. ಕಂಟ್ರೋಲಿನವರ ಮೇಲೆ ಹಾಕಬಹುದಿತ್ತು, ಅದು ಅರ್ಧ ನಿಜವೂ ಆಗುತ್ತಿತ್ತು. ನನ್ನ ಬಾಯಿಂದ ಬಂದದ್ದು ಒಂದೇ ಮಾತು.

‘ನಾಚಿಕಿ ಆತ್ರಿ ಸರ್.’

ಅವರು ಹಾಳೆಯನ್ನು ನನ್ನ ಕಡೆ ತಿರುಗಿಸಿ, ತಮ್ಮ ಪೆನ್ನಿನ ಮುಚ್ಚಳ ತೆಗೆದು ಕೈಗೆ ಕೊಟ್ಟರು.

‘ಅದನ್ನೂ ಬರೆಯಿರಿ’ ಎಂದರು.

ನನ್ನ ಸಹಿಯ ಮೇಲೆ ಒಂದು ಸಾಲಿನಷ್ಟು ಜಾಗ ಉಳಿದಿತ್ತು. ಬಗ್ಗಿ ಬರೆದೆ. ತಿಮ್ಮಣ್ಣ ಮರುವರ್ಷ ಯಾವ ಕಪ್ಪುಚುಕ್ಕೆಯೂ ಇಲ್ಲದೆ ನಿವೃತ್ತನಾದ. ನನಗೆ ಒಂದು ಎಚ್ಚರಿಕೆಯ ಮೆಮೊ ಬಂತು, ಅದರ ಜೊತೆ ಆ ಹಾಳೆಯೂ ನನ್ನ ಸೇವಾ ದಾಖಲೆಗೆ ಸೇರಿತು. ನಿವೃತ್ತಿಯ ಕಾಗದಪತ್ರ ಮಾಡುವಾಗ ಕಚೇರಿಯ ಗುಮಾಸ್ತೆ ದಾಖಲೆ ತಿರುವಿ ಹಾಕುತ್ತ ಅಲ್ಲಿಗೆ ಬಂದು ನಿಂತಳು. ಇಷ್ಟು ವರ್ಷದಲ್ಲಿ ಇಂಥ ಕಾರಣವನ್ನು ತಾನು ಯಾವ ಕಡತದಲ್ಲೂ ಕಂಡಿಲ್ಲ ಎಂದು ಹೇಳಿ, ಗಟ್ಟಿಯಾಗಿ ಓದಿದಳು: ‘ಮತ್ತೊಮ್ಮೆ ಕೇಳಲು ನಾಚಿಕೆಯಾದದ್ದರಿಂದ.’